ಕಾಫಿ ಸೀಮೆಯ ಚಿರಂಜೀವಿಗಳು

ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳು ಹೆಸರಾಗಿರುವುದು ಕಾಫಿಗೆ, ಮಳೆಗೆ, ಈಚಿನ ವರ್ಷಗಳಲ್ಲಿ ಪ್ರವಾಸಕ್ಕೆ. ಆದರೆ ಈ ಸೀಮೆಯ ಸ್ಥಳಪುರಾಣಗಳನ್ನೂ ಶಾಸನಗಳನ್ನೂ ಒಂದೆಡೆ ಇಟ್ಟು ನೋಡಿದರೆ ಇನ್ನೊಂದು ವಿಶೇಷ ಕಾಣುತ್ತದೆ. ಇಲ್ಲಿ ಸಾವಿಲ್ಲದವರ ಸಂಖ್ಯೆ ದೊಡ್ಡದು. ಚಂದ್ರದ್ರೋಣ ಪರ್ವತ ಹನುಮಂತ ಹೊತ್ತೊಯ್ದ ಸಂಜೀವಿನಿ ಬೆಟ್ಟದಿಂದ ಉದುರಿದ ತುಣುಕು ಎಂಬ ಪ್ರತೀತಿ ಇದೆ. ಹಿರೇಮಗಳೂರಿಗೆ ಪರಶುರಾಮನ ನಂಟಿದೆ. ಗಿರಿಯ ಮೇಲಿನ ಗವಿಯಲ್ಲಿ ದತ್ತಾತ್ರೇಯರು ಮರೆಯಾದರೆಂದು ಕೆಲವರೂ, ದಾದಾ ಹಯಾತರು ನೆಲೆಸಿದರೆಂದು ಕೆಲವರೂ ನಂಬುತ್ತಾರೆ. ತರೀಕೆರೆಯ ಕಡೆ ಇಳಿದರೆ ಅಮೃತದ ಹೆಸರಿನದೇ ಒಂದು ಊರು, ಅಲ್ಲೊಂದು ದೇವಾಲಯ.

ಈ ನಂಬಿಕೆಗಳಲ್ಲಿ ನಿಜವೆಷ್ಟು, ಕಟ್ಟುಕತೆ ಎಷ್ಟು ಎಂದು ಅಳೆಯುವುದು ಒಂದು ಬಗೆ. ನಮ್ಮ ಹಿರಿಯರು ಸಾವನ್ನು ಯಾವ ಯಾವ ಕುಲಕ್ಕೆ ಹೇಗೆ ಹಂಚಿಕೊಟ್ಟರು, ಯಾಕೆ ಹಾಗೆ ಹಂಚಿದರು ಎಂದು ಕೇಳುವುದು ಇನ್ನೊಂದು ಬಗೆ. ಪುರಾಣದ ಲೋಕದಲ್ಲಿ ದೇವತೆಗಳು, ಅಸುರರು, ನಾಗರು, ಮನುಷ್ಯರು ಹೀಗೆ ಹಲವು ಜನಾಂಗಗಳಿವೆ. ಪ್ರತಿಯೊಂದಕ್ಕೂ ಸಾವಿನ ಜೊತೆ ಬೇರೆ ಬೇರೆ ಒಪ್ಪಂದ. ಯಕ್ಷಗಾನದ ರಂಗಸ್ಥಳದಲ್ಲಿ ರಾತ್ರಿಯಿಡೀ ಈ ಜನಾಂಗಗಳ ಜಗಳವನ್ನು ಕಂಡು ಬೆಳೆದ ಮಲೆನಾಡಿನವರಿಗೆ ಆ ಒಪ್ಪಂದಗಳ ನಿಯಮ ಬಾಯಿಪಾಠವಾಗಿಯೇ ಗೊತ್ತು.

ಅಮರರಿಗೂ ಆಯುಸ್ಸುಂಟು

ಮೊದಲು ದೇವತೆಗಳು. ಅವರಿಗೆ ಅಮರರೆಂದೇ ಹೆಸರು. ಆದರೆ ಹುಟ್ಟಿನಿಂದ ಬಂದ ಸ್ವತ್ತಲ್ಲ ಅದು. ಸಮುದ್ರವನ್ನು ಕಡೆದು, ಜೊತೆಗೆ ದುಡಿದ ಅಸುರರಿಗೆ ಪಾಲು ತಪ್ಪಿಸಿ ಸಂಪಾದಿಸಿಕೊಂಡದ್ದು. ಕದ್ದು ಕುಡಿದ ರಾಹುವಿನ ಕತ್ತನ್ನು ಚಕ್ರ ಕತ್ತರಿಸಿದಾಗ ಅಮೃತ ಗಂಟಲಿನಿಂದ ಕೆಳಗೆ ಇಳಿದಿರಲಿಲ್ಲ. ಹಾಗಾಗಿ ತಲೆ ಉಳಿಯಿತು, ಮುಂಡ ಕೇತುವಾಗಿ ಬೇರೆಯಾಯಿತು. ಅಮರತ್ವ ಎಂಬುದು ಹೊಟ್ಟೆಗೆ ಇಳಿಯಬೇಕಾದ ವಸ್ತು ಎಂಬಷ್ಟು ಲೌಕಿಕವಾಗಿದೆ ಈ ಕಲ್ಪನೆ.

ಅಷ್ಟಾದರೂ ದೇವತೆಗಳ ಅಮರತ್ವಕ್ಕೆ ಗಡುವಿದೆ. ಪುರಾಣಗಳ ಲೆಕ್ಕದಲ್ಲಿ ಒಂದು ಮಹಾಯುಗ ಎಂದರೆ 43 ಲಕ್ಷದ 20 ಸಾವಿರ ವರ್ಷ. ಅಂಥ 71 ಮಹಾಯುಗ ಸೇರಿದರೆ ಒಂದು ಮನ್ವಂತರ, ಅಂದರೆ ಸುಮಾರು 30 ಕೋಟಿ 67 ಲಕ್ಷ ವರ್ಷ. ಒಂದೊಂದು ಮನ್ವಂತರಕ್ಕೆ ಒಬ್ಬೊಬ್ಬ ಇಂದ್ರ. ಅವಧಿ ಮುಗಿದ ಮೇಲೆ ಅವನು ಪೀಠ ಬಿಡಲೇಬೇಕು. ಬ್ರಹ್ಮನ ಒಂದು ಹಗಲಿನಲ್ಲಿ 14 ಇಂದ್ರರು ಬಂದುಹೋಗುತ್ತಾರೆ. ಆ ಬ್ರಹ್ಮನಿಗೂ ಅವನ ಲೆಕ್ಕದ ನೂರು ವರ್ಷಕ್ಕೆ ಕೊನೆಯುಂಟು.

ಈ ಲೆಕ್ಕವನ್ನು ಬಾಬಾಬುಡನ್‌ಗಿರಿಯ ಬಂಡೆಗಳ ಪಕ್ಕದಲ್ಲಿಟ್ಟು ನೋಡುವುದು ಸ್ವಾರಸ್ಯಕರ. ಭೂವಿಜ್ಞಾನಿಗಳು ಧಾರವಾಡ ಶಿಲಾವರ್ಗದ ಒಂದು ಭಾಗಕ್ಕೆ ಈ ಬೆಟ್ಟದ ಹೆಸರನ್ನೇ ಇಟ್ಟಿದ್ದಾರೆ. ಅದರ ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ ಎಂದು ಅವರ ಅಂದಾಜು. ಅಂದರೆ ಪುರಾಣದ ಎಣಿಕೆಯಲ್ಲೇ ಎಂಟೊಂಬತ್ತು ಇಂದ್ರರ ಆಳ್ವಿಕೆಯನ್ನು ಈ ಕಲ್ಲು ಕಂಡಿದೆ. ಸಾವಿಲ್ಲದವರೆನಿಸಿಕೊಂಡ ದೇವತೆಗಳಿಗಿಂತ ಕಾಫಿ ತೋಟದ ಬೇಲಿಯಾಚೆಗಿನ ಬಂಡೆಯೇ ಹಿರಿಯದು. ಆ ಬಂಡೆಗೂ ಸವೆತವಿದೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದು, ಮನೆ ತೋಟಗಳು ಕೊಚ್ಚಿಹೋದದ್ದನ್ನು ಕಂಡವರಿಗೆ ಬೆಟ್ಟ ಶಾಶ್ವತ ಎಂಬ ಮಾತಿನ ಮೇಲೆ ಮೊದಲಿನ ಭರವಸೆ ಉಳಿದಿರಲಾರದು.

ಅಸುರರ ಕಥೆ ಬೇರೆ. ಅಮೃತ ಸಿಗದ ಅವರು ಎರಡು ಅಡ್ಡದಾರಿ ಹಿಡಿದರು. ಒಂದು, ವರ. ಹಗಲು ಬೇಡ, ರಾತ್ರಿ ಬೇಡ, ಒಳಗೆ ಬೇಡ, ಹೊರಗೆ ಬೇಡ ಎಂದು ಸಾವಿನ ಬಾಗಿಲುಗಳನ್ನೆಲ್ಲ ಮುಚ್ಚಿಸಿಕೊಂಡ ಹಿರಣ್ಯಕಶಿಪು ಮುಸ್ಸಂಜೆಯ ಹೊಸ್ತಿಲನ್ನು ಮರೆತಿದ್ದ. ಇನ್ನೊಂದು, ವಿದ್ಯೆ. ಶುಕ್ರಾಚಾರ್ಯರ ಮೃತಸಂಜೀವಿನಿ ಸತ್ತವರನ್ನು ಎಬ್ಬಿಸುತ್ತಿತ್ತು. ಇಲ್ವಲನಿಗೂ ಅಂಥದೇ ಒಂದು ಶಕ್ತಿ. ತಮ್ಮ ವಾತಾಪಿಯನ್ನು ಅಡುಗೆ ಮಾಡಿ ಅತಿಥಿಗೆ ಬಡಿಸಿ, ಊಟವಾದ ಮೇಲೆ ಹೆಸರು ಹಿಡಿದು ಕರೆಯುತ್ತಿದ್ದ. ತಮ್ಮ ಅತಿಥಿಯ ಹೊಟ್ಟೆ ಬಗೆದು ಬರುತ್ತಿದ್ದ. ಆ ಸರಣಿ ನಿಂತದ್ದು ಅಗಸ್ತ್ಯರು ಅವನನ್ನು ಅರಗಿಸಿಕೊಂಡಾಗ. ಕಲಶದಿಂದ ಹುಟ್ಟಿದ ಈ ಋಷಿಯ ನೆನಪು ಭದ್ರಾ ತೀರದ ಕಳಸದಲ್ಲಿದೆ. ಕಳಸೇಶ್ವರನ ಸ್ಥಳಪುರಾಣ ಗಿರಿಜಾ ಕಲ್ಯಾಣದ ಹೊತ್ತಿಗೆ ಭೂಮಿಯ ಭಾರ ಸರಿದೂಗಿಸಲು ಅಗಸ್ತ್ಯರು ದಕ್ಷಿಣಕ್ಕೆ ಬಂದ ಕಥೆಗೆ ಹೆಣೆದುಕೊಂಡಿದೆ. ಸತ್ತವರು ಸತ್ತಂತೆಯೇ ಇರಬೇಕು, ಇಲ್ಲವಾದರೆ ಉಳಿದವರ ಹೊಟ್ಟೆ ಬಿರಿಯುತ್ತದೆ ಎಂಬುದು ವಾತಾಪಿಯ ಕಥೆಯ ಒಳಗಿನ ಮಾತು.

ಹಾವಿನ ನಾಲಗೆ, ಯೂಪದ ಕಲ್ಲು

ನಾಗರದು ದೇವತೆಗಳಿಗೂ ಮನುಷ್ಯರಿಗೂ ನಡುವಿನ ಸ್ಥಿತಿ. ತಾಯಿಯ ದಾಸ್ಯ ಬಿಡಿಸಲು ಗರುಡ ಅಮೃತ ಕಲಶವನ್ನು ತಂದು ದರ್ಭೆಯ ಮೇಲಿಟ್ಟ. ನಾಗರು ಸ್ನಾನಕ್ಕೆ ಹೋದಾಗ ಇಂದ್ರ ಅದನ್ನು ಎತ್ತಿಕೊಂಡು ಹೋದ. ಬಂದ ನಾಗರು ದರ್ಭೆಯನ್ನೇ ನೆಕ್ಕಿದರು, ನಾಲಗೆ ಸೀಳಿತು. ಅಮೃತ ದಕ್ಕಲಿಲ್ಲ, ಅದರ ತೇವ ತಗುಲಿತು. ಪೊರೆ ಕಳಚಿ ಹೊಸದಾಗುವ ಹಾವನ್ನು ಕಂಡ ಯಾರಿಗಾದರೂ ಈ ಕಥೆ ಒಪ್ಪುವಂಥದೇ.

ಈಗ ಚಿಕ್ಕಮಗಳೂರು ನಗರಕ್ಕೆ ಸೇರಿಹೋಗಿರುವ ಹಿರೇಮಗಳೂರಿನ ಈಶ್ವರ ದೇವಾಲಯದಲ್ಲಿ ಒಂದು ಕಲ್ಲಿನ ಕಂಬವಿದೆ. ಜನಮೇಜಯ ಸರ್ಪಯಾಗ ಮಾಡಿದಾಗ ನೆಟ್ಟ ಯೂಪಸ್ತಂಭ ಅದು ಎಂಬುದು ಊರಿನ ನಂಬಿಕೆ. ಮಹಾಭಾರತದ ಕಥೆ ಎಲ್ಲರಿಗೂ ತಿಳಿದದ್ದೇ. ಏಳು ದಿನದೊಳಗೆ ಸಾಯುವೆ ಎಂಬ ಶಾಪ ಪಡೆದ ಪರೀಕ್ಷಿತ ಎಷ್ಟು ಎಚ್ಚರದಿಂದಿದ್ದರೂ ತಕ್ಷಕ ಹಣ್ಣಿನ ಹುಳುವಾಗಿ ಒಳಬಂದ. ಮಗ ಜನಮೇಜಯ ಇಡೀ ನಾಗಕುಲವನ್ನೇ ಬೆಂಕಿಗೆ ಎಳೆಯಲು ಹೊರಟ. ಅದನ್ನು ನಿಲ್ಲಿಸಿದವನು ಆಸ್ತೀಕ. ತಂದೆ ಮನುಷ್ಯ ಋಷಿ, ತಾಯಿ ನಾಗಕನ್ಯೆ. ಒಬ್ಬ ತಂದೆಯ ಸಾವಿಗೆ ಇಡೀ ಕುಲದ ಸಾವು ಬೆಲೆಯಲ್ಲ ಎಂದು ಹೇಳಲು ಎರಡೂ ಕುಲದ ರಕ್ತವಿದ್ದವನೇ ಬೇಕಾಯಿತು.

ಹಾವು ಕಚ್ಚಿದವರು ಈ ಕಂಬಕ್ಕೆ ಸುತ್ತು ಬಂದರೆ ವಿಷ ಇಳಿಯುತ್ತದೆ ಎಂದು ಹಿಂದೆ ನಂಬುತ್ತಿದ್ದರು. ಆ ನಂಬಿಕೆಯ ಹಿಂದಿರುವ ಭಯವನ್ನು ಯಾರೂ ಹಗುರವಾಗಿ ಕಾಣಬೇಕಿಲ್ಲ. ಆಸ್ಪತ್ರೆ ಎರಡು ದಿನದ ದಾರಿಯಲ್ಲಿದ್ದ ಕಾಲದಲ್ಲಿ ಕಂಬವೊಂದೇ ಹತ್ತಿರದ ಆಸರೆ. ಆದರೆ ಇಂದಿನ ಲೆಕ್ಕ ಬೇರೆ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿತದಿಂದ ಸತ್ತಿದ್ದಾರೆಂದು ಅಧ್ಯಯನದ ಅಂದಾಜಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ತೋಟದಲ್ಲಿ ಕಳೆ ತೆಗೆಯುವವರಿಗೆ, ಕಾಫಿ ಕೊಯ್ಯುವವರಿಗೆ ಇದು ಪುರಾಣದ ವಿಷಯವಲ್ಲ. ಹೊತ್ತಿಗೆ ಸರಿಯಾಗಿ ಸಿಗುವ ಪ್ರತಿವಿಷದ ಚುಚ್ಚುಮದ್ದೇ ಅವರ ಪಾಲಿನ ಸಂಜೀವಿನಿ.

ಏಳು ಜನ ಚಿರಂಜೀವಿಗಳು

ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಸಂಪ್ರದಾಯ ಎಣಿಸುವ ಚಿರಂಜೀವಿಗಳು ಏಳು. ಮಾರ್ಕಂಡೇಯನನ್ನು ಸೇರಿಸಿ ಎಂಟು ಎನ್ನುವವರೂ ಇದ್ದಾರೆ. ಈ ಪಟ್ಟಿಯನ್ನು ಎಚ್ಚರದಿಂದ ನೋಡಿದರೆ ಇವರಲ್ಲಿ ಯಾರೂ ಅಮೃತ ಕುಡಿದವರಲ್ಲ. ಒಬ್ಬನಿಗೆ ಭಕ್ತಿಯ ಫಲ, ಒಬ್ಬನಿಗೆ ದಾನದ ಫಲ, ಒಬ್ಬನಿಗೆ ಶಾಪ. ಅಶ್ವತ್ಥಾಮನದು ಶಾಪವೇ. ಮಲಗಿದ್ದ ಮಕ್ಕಳನ್ನು ಕೊಂದ ತಪ್ಪಿಗೆ, ಗರ್ಭದ ಮೇಲೆ ಅಸ್ತ್ರ ಬಿಟ್ಟ ತಪ್ಪಿಗೆ, ವಾಸಿಯಾಗದ ಹುಣ್ಣು ಹೊತ್ತು ಮೂರು ಸಾವಿರ ವರ್ಷ ಒಂಟಿಯಾಗಿ ಅಲೆ ಎಂದು ಕೃಷ್ಣ ಹೇಳಿದ. ಬೇರೆಯವರಿಗೆ ಮರಣದಂಡನೆ ಇರುವಲ್ಲಿ ಅವನಿಗೆ ಬದುಕಿನ ದಂಡನೆ.

ಪರಶುರಾಮನಿಗೆ ಈ ಸೀಮೆಯಲ್ಲಿ ಬೇರೊಂದು ಚಿತ್ರವಿದೆ. ಹಿರೇಮಗಳೂರಿಗೆ ಭಾರ್ಗವಪುರಿ ಎಂಬ ಹೆಸರು ಅವನಿಂದ ಬಂದದ್ದು. ಅಲ್ಲಿನ ಕೋದಂಡರಾಮ ದೇವಾಲಯದಲ್ಲಿ ಸೀತೆ ರಾಮನ ಬಲಗಡೆ ನಿಂತಿದ್ದಾಳೆ. ಗರ್ವ ಇಳಿದ ಪರಶುರಾಮ ರಾಮನ ಮದುವೆಯ ರೂಪವನ್ನು ನೋಡಬೇಕೆಂದು ಬೇಡಿದ್ದರಿಂದ ಹೀಗೆ ಎನ್ನುತ್ತಾರೆ. ಇಪ್ಪತ್ತೊಂದು ಸಲ ಭೂಮಿ ಸುತ್ತಿ ಕೊಂದವನು, ಸಾವಿಲ್ಲದವನು, ಕೊನೆಗೆ ನೋಡಬಯಸಿದ್ದು ಒಂದು ಮದುವೆಯನ್ನು.

ಬಲಿಯದು ಮಲೆನಾಡಿಗೆ ಎಲ್ಲಕ್ಕಿಂತ ಹತ್ತಿರದ ಅಮರತ್ವ. ಅವನು ಸತ್ತಿಲ್ಲ, ಪಾತಾಳದಲ್ಲಿದ್ದಾನೆ, ವರ್ಷಕ್ಕೊಮ್ಮೆ ತನ್ನ ರಾಜ್ಯ ನೋಡಲು ಬರುತ್ತಾನೆ. ದೀಪಾವಳಿಯಲ್ಲಿ ಬಲೀಂದ್ರನನ್ನು ಕೂರಿಸಿ ಪೂಜಿಸಿ, ಗದ್ದೆ ತೋಟ ಕೊಟ್ಟಿಗೆಗಳಿಗೆ ಬೆಳಕು ತೋರಿಸುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆಗಳಲ್ಲಿ ಅಂಟಿಗೆ ಪಂಟಿಗೆಯವರು ಹೊತ್ತಿಸಿದ ದೀಪವನ್ನು ಆರಗೊಡದೆ ಮನೆಯಿಂದ ಮನೆಗೆ ಹಾಡುತ್ತಾ ಒಯ್ಯುತ್ತಾರೆ. ಸೋತ ರಾಜ ಬದುಕಿರುವುದು ದೇವತೆಗಳ ದಯೆಯಿಂದಲ್ಲ, ಕತ್ತಲಲ್ಲಿ ಕಾಲುದಾರಿ ತುಳಿದು ಎಣ್ಣೆ ಹೊಯ್ಯುವವರ ದಯೆಯಿಂದ. ಒಂದು ವರ್ಷ ಊರಿನ ಹುಡುಗರೆಲ್ಲ ಬೆಂಗಳೂರಿನಲ್ಲೇ ಉಳಿದರೆ ಆ ದೀಪ ಹೊರಡುವುದಿಲ್ಲ.

ಗವಿಯೊಳಗೆ ಮರೆಯಾದವರು

ಬಾಬಾಬುಡನ್‌ಗಿರಿಯ ಗವಿಯ ಕಥೆಯನ್ನು ಬಿಟ್ಟು ಈ ವಿಷಯ ಮುಗಿಯುವುದಿಲ್ಲ. ಮುಸ್ಲಿಮರ ನಂಬಿಕೆಯಂತೆ ಅರಬ್ ನಾಡಿನಿಂದ ಬಂದ ದಾದಾ ಹಯಾತ್ ಮೀರ್ ಖಲಂದರ್ ಇಲ್ಲಿ ನೆಲೆಸಿದರು. ಹಯಾತ್ ಎಂಬ ಅರಬ್ಬಿ ಮಾತಿಗೆ ಅರ್ಥ ಜೀವ, ಬದುಕು. ಹಿಂದೂಗಳ ನಂಬಿಕೆಯಂತೆ ಇದು ದತ್ತಾತ್ರೇಯರ ಪೀಠ. ಅವರು ಗವಿಯೊಳಗೆ ಹೋಗಿ ಕಾಶಿಯತ್ತ ಮರೆಯಾದರು, ಯುಗಾಂತ್ಯದಲ್ಲಿ ಇದೇ ಬಾಯಿಯಿಂದ ಮತ್ತೆ ಕಾಣಿಸಿಕೊಳ್ಳುತ್ತಾರೆ ಎಂಬ ಮಾತನ್ನು 19ನೇ ಶತಮಾನದ ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಕೂಡ ದಾಖಲಿಸಿದ್ದಾರೆ. ಮೋಕಾದಿಂದ ಏಳು ಕಾಫಿ ಬೀಜ ತಂದರೆಂದು ಹೇಳಲಾಗುವ ಬಾಬಾ ಬುಡನ್ ದಾದಾ ಹಯಾತರ ಶಿಷ್ಯರೆಂದು ಪ್ರತೀತಿ.

ಇಲ್ಲಿ ಗಮನಿಸಬೇಕಾದ ಅಂಶ ಎರಡು ಕಥೆಗಳ ಹೋಲಿಕೆ. ಎರಡರಲ್ಲೂ ಪುಣ್ಯಪುರುಷ ಸಾಯುವುದಿಲ್ಲ, ಮರೆಯಾಗುತ್ತಾನೆ. ಮುಸ್ಲಿಂ ಜಗತ್ತಿನಲ್ಲಿ ಜೀವಜಲ ಕುಡಿದು ಇಂದಿಗೂ ದಾರಿತಪ್ಪಿದವರಿಗೆ ಕಾಣಿಸಿಕೊಳ್ಳುವ ಖಿಜ್ರರ ಕಥೆ ಇದೆ. ಹಿಂದೂಗಳಲ್ಲಿ ಚಿರಂಜೀವಿಗಳ ಕಥೆ ಇದೆ. ಕತ್ತಲ ಗವಿಯೊಂದು ಈ ಎರಡೂ ಕಲ್ಪನೆಗಳಿಗೆ ಮನೆಯಾದದ್ದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಸಾವಿಲ್ಲದವರ ಮನೆಯ ಬಾಗಿಲಲ್ಲಿ ಸಾಯುವವರು ನಡೆಸುತ್ತಿರುವ ವ್ಯಾಜ್ಯ. ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ ಎಂದು ಎರಡೂ ಹೆಸರನ್ನು ಹೊತ್ತ ಈ ಸ್ಥಳದ ಆಡಳಿತ, ಪೂಜಾಕ್ರಮಗಳ ಪ್ರಶ್ನೆ ದಶಕಗಳಿಂದ ಒಂದು ನ್ಯಾಯಾಲಯದಿಂದ ಇನ್ನೊಂದಕ್ಕೆ ಸಾಗಿದೆ. ದಾವೆ ಹೂಡಿದವರ ತಲೆಮಾರು ದಾಟಿದರೂ ದಾವೆ ಬದುಕಿದೆ.

ಪಕ್ಕದ ಮುಳ್ಳಯ್ಯನಗಿರಿ 1930 ಮೀಟರ್ ಎತ್ತರದಲ್ಲಿ ಕರ್ನಾಟಕದ ಅತಿ ಎತ್ತರದ ಶಿಖರ. ಅದರ ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆ. ಗದ್ದುಗೆ ಎಂದರೆ ಸಮಾಧಿಯೂ ಹೌದು, ಕುಳಿತುಕೊಳ್ಳುವ ಪೀಠವೂ ಹೌದು. ಕನ್ನಡದಲ್ಲಿ ಸಾವಿಗೆ ಸಾವು ಎನ್ನದೆ ಇರುವ ದಾರಿಗಳು ಹಲವು. ಲಿಂಗೈಕ್ಯರಾದರು, ಶಿವಾಧೀನರಾದರು, ವೈಕುಂಠವಾಸಿಗಳಾದರು, ಮುಡಿಪಿದರು, ಏನೂ ಇಲ್ಲದಿದ್ದರೆ ತೀರಿಕೊಂಡರು. ಪತ್ರಿಕೆಯ ನಿಧನ ವಾರ್ತೆಯ ಅಂಕಣವನ್ನು ಓದಿದರೆ ಸತ್ತವರು ಎಲ್ಲಿಗೆ ಹೋದರೆಂಬುದರ ಬಗ್ಗೆ ಎಷ್ಟು ಅಭಿಪ್ರಾಯಗಳಿವೆ ಎಂದು ತಿಳಿಯುತ್ತದೆ.

ದೇವತೆಗಳಿಗೆ ದೊರಕದ್ದು

ಮೂಡಿಗೆರೆ ತಾಲ್ಲೂಕಿನ ಅಂಗಡಿ ಹೊಯ್ಸಳರ ಮೂಲಸ್ಥಾನ. ಸಳ ಹುಲಿಯನ್ನು ಕೊಂದ ಸೊಸೆವೂರು ಇದೇ ಎನ್ನುತ್ತಾರೆ. ಆ ಕಥೆಗಿಂತ ಹಿಂದಿನ ಜೈನ ನೆಲೆಯೂ ಇದು. ಹಳೆಯ ಬಸದಿಗಳು ಇಲ್ಲಿವೆ. ಸುಮಾರು 10ನೇ ಶತಮಾನದ ಕೊನೆಯ ಶಾಸನವೊಂದು ವಿಮಲಚಂದ್ರ ಪಂಡಿತರೆಂಬ ಮುನಿ ಸನ್ಯಸನ ವಿಧಿಯಿಂದ ದೇಹ ಬಿಟ್ಟದ್ದನ್ನು ಹೇಳುತ್ತದೆ. ಆಹಾರವನ್ನು ಹಂತಹಂತವಾಗಿ ತೊರೆದು, ಎಚ್ಚರದಲ್ಲಿ ಸಾವನ್ನು ಎದುರುಗೊಳ್ಳುವ ಈ ಸಲ್ಲೇಖನ ಕ್ರಮಕ್ಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕ್ರಿ.ಶ. 600ರ ಸುಮಾರಿನಿಂದಲೇ ಶಾಸನಗಳ ಸಾಕ್ಷಿ ಇದೆ. ಅಂಥ ನೆನಪಿನ ಕಲ್ಲಿಗೆ ನಿಷಿಧಿ ಎಂದು ಹೆಸರು.

ಜೈನರು ಸಾವನ್ನು ಹಂಚಿದ ರೀತಿ ಪುರಾಣದ ಹಂಚಿಕೆಯನ್ನು ತಲೆಕೆಳಗು ಮಾಡುತ್ತದೆ. ಅವರ ಲೋಕದಲ್ಲಿ ದೇವತೆಗಳಿದ್ದಾರೆ, ಅವರ ಆಯುಸ್ಸು ಸಾಗರೋಪಮಗಳಲ್ಲಿ ಅಳೆಯುವಷ್ಟು ದೀರ್ಘ. ಆದರೆ ಅವರೂ ಸಾಯುತ್ತಾರೆ. ಅಷ್ಟೇ ಅಲ್ಲ, ದೇವಗತಿಯಿಂದ ನೇರವಾಗಿ ಮೋಕ್ಷವಿಲ್ಲ. ಸುಖದಲ್ಲಿರುವವನಿಗೆ ತಪಸ್ಸು ಸಾಧ್ಯವಿಲ್ಲ. ಹುಟ್ಟುಸಾವುಗಳಿಂದ ಬಿಡುಗಡೆ ಬೇಕಾದರೆ ದೇವತೆಯೂ ಒಮ್ಮೆ ಮನುಷ್ಯನಾಗಿ ಹುಟ್ಟಬೇಕು. ಅಲ್ಪಾಯುಷಿಯಾದ ಮನುಷ್ಯನ ಕೈಯಲ್ಲಿ ದೀರ್ಘಾಯುಷಿ ದೇವತೆಗೆ ಇಲ್ಲದ ಕೀಲಿಕೈ ಇದೆ ಎಂಬುದು ಈ ಮತದ ದೊಡ್ಡ ಮಾತು. ಕಳಸ ಕಾರ್ಕಳವನ್ನು ಆಳಿದ ಭೈರರಸರು ಈ ನಂಬಿಕೆಯವರು. ಆ ವಂಶದ ವೀರಪಾಂಡ್ಯ 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ. ಅದೇ ವಂಶದವರು ಕಳಸೇಶ್ವರನಿಗೂ ದತ್ತಿ ಬಿಟ್ಟಿದ್ದಾರೆ.

ಮನುಷ್ಯನ ಸಾವು ದೌರ್ಭಾಗ್ಯವೇ ಅಥವಾ ಭಾಗ್ಯವೇ ಎಂಬ ಈ ಪ್ರಶ್ನೆ ಬೇರೆ ನಾಡುಗಳನ್ನೂ ಕಾಡಿದೆ. ಮೆಸೊಪೊಟೇಮಿಯಾದ ಗಿಲ್ಗಮೇಶ್ ಗೆಳೆಯನ ಸಾವು ಕಂಡು ಹೆದರಿ ಲೋಕದ ಅಂಚಿಗೆ ಹೋಗಿ ಯೌವನ ಮರಳಿಸುವ ಗಿಡ ತಂದ. ದಾರಿಯಲ್ಲಿ ಅದನ್ನು ಹಾವು ತಿಂದು ಪೊರೆ ಬಿಟ್ಟು ಹೋಯಿತು. ಗ್ರೀಕರ ಟಿಥೋನಸ್‌ಗೆ ಸಾವಿಲ್ಲದ ವರ ಸಿಕ್ಕಿತು, ಮುಪ್ಪಿಲ್ಲದ ವರ ಕೇಳಲು ಮರೆತುಹೋಯಿತು. ಅವನು ಸುಕ್ಕುಗಟ್ಟುತ್ತಲೇ ಉಳಿದ. ಮುಪ್ಪನ್ನು ಮಗನಿಗೆ ದಾಟಿಸಿದ ನಮ್ಮ ಯಯಾತಿ ಇವನ ಹತ್ತಿರದ ನೆಂಟ. ಗಿರೀಶ ಕಾರ್ನಾಡರು 1961ರಲ್ಲಿ ತಮ್ಮ ಮೊದಲ ನಾಟಕಕ್ಕೆ ಆ ವಸ್ತುವನ್ನೇ ಆರಿಸಿಕೊಂಡರು. 20ನೇ ಶತಮಾನದ ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್ ಕಟ್ಟಿದ ಕಲ್ಪನೆಯ ಲೋಕದಲ್ಲಿ ಎಲ್ಫರೆಂಬ ಜನಾಂಗಕ್ಕೆ ಮುಪ್ಪಿಲ್ಲ, ಆದರೆ ಲೋಕ ಇರುವವರೆಗೂ ಅದಕ್ಕೇ ಕಟ್ಟುಬಿದ್ದಿರಬೇಕು. ಮನುಷ್ಯರಿಗೆ ಮಾತ್ರ ಸೃಷ್ಟಿಕರ್ತ ಸಾವನ್ನು ಕಾಣಿಕೆಯಾಗಿ ಕೊಟ್ಟಿದ್ದಾನೆ. ಆ ಕಾಣಿಕೆಯನ್ನು ಶಾಪವೆಂದು ತಪ್ಪಾಗಿ ತಿಳಿದು ಅಮರತ್ವಕ್ಕೆ ದಂಡೆತ್ತಿ ಹೋದ ರಾಜ್ಯ ಮುಳುಗಿಹೋಗುತ್ತದೆ. ಅಂಗಡಿಯ ಬಸದಿಯಲ್ಲಿ ಕುಳಿತ ಮುನಿಗೆ ಈ ವಾದ ಹೊಸದೆನಿಸುತ್ತಿರಲಿಲ್ಲ. ಕಾಣಿಕೆ ಕೊಟ್ಟವನು ಯಾರು ಎಂಬಲ್ಲಿ ಮಾತ್ರ ಅವರು ತಕರಾರು ತೆಗೆಯುತ್ತಿದ್ದರು.

ಅಮೃತಾಪುರವೂ ಗರುಡಗಂಬವೂ

ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ. ಗೋಡೆಯ ಮೇಲೆ ರಾಮಾಯಣ, ಭಾಗವತ, ಮಹಾಭಾರತದ 140 ಫಲಕಗಳಿವೆ. ಅಲ್ಲಿನ ದೊಡ್ಡ ಶಿಲಾಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ಇದೇ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಪ್ಪಿಗೇ ರಾಜನೂ ಅವನ ತಾಯಿಯೂ ನವಿಲು, ನಾಯಿ ಮುಂತಾಗಿ ಜನ್ಮದಿಂದ ಜನ್ಮಕ್ಕೆ ಸಾಯುತ್ತ ಹೋಗುವ ಕಾವ್ಯ ಅದು. ಸಾವಿಲ್ಲದ ಒಡೆಯನ ಗುಡಿಗೆ ಪದ್ಯ ಬರೆದ ಕವಿಯೇ ಮುಗಿಯದ ಸಾವುಗಳ ಕಥೆಯನ್ನೂ ಬರೆದ.

ಆ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ನಡೆದದ್ದಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬ ಸಾಕ್ಷಿ. ಅರಸನ ಜೊತೆಗೇ ಸಾಯುವ ಪ್ರತಿಜ್ಞೆ ಮಾಡಿದ್ದ ಕುವರ ಲಕ್ಷ್ಮ ಎಂಬ ದಂಡನಾಯಕ ತನ್ನ ಹೆಂಡತಿ ಮತ್ತು ಸಹಚರ ವೀರರೊಡನೆ ಪ್ರಾಣ ಬಿಟ್ಟ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರ ಚಿತ್ರಗಳಿವೆ. ಗರುಡರೆಂದು ಕರೆಸಿಕೊಂಡ ಇವರಿಗೆ ಶಾಸನ ಕೊಟ್ಟದ್ದು ಅಮರ ಕೀರ್ತಿ. ಒಬ್ಬ ದಂಡನಾಯಕನಿಗೆ ಅಮೃತದ ಹೆಸರಿನ ಗುಡಿ, ಇನ್ನೊಬ್ಬನಿಗೆ ರಕ್ತದ ಕಂಬ. ಇಬ್ಬರ ಒಡೆಯನೂ ಒಬ್ಬನೇ. ಆ ಕೀರ್ತಿಗೆ ತೆತ್ತ ಬೆಲೆಯಲ್ಲಿ ಹೆಂಡತಿಯ ಜೀವವೂ ಸೇರಿತ್ತು ಎಂಬುದನ್ನು ಇಂದಿನ ಓದುಗರು ಮರೆಯಬಾರದು.

ದಂಡನಾಯಕರಲ್ಲದವರಿಗೆ ಸಿಕ್ಕದ್ದು ವೀರಗಲ್ಲು. ಕರ್ನಾಟಕದಲ್ಲಿ ಅವು ಸಾವಿರಾರು ಇವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕುಳಿತಿರುವುದು. ನೆತ್ತಿಯಲ್ಲಿ ಸೂರ್ಯ ಚಂದ್ರ. ದನ ಕಳ್ಳರನ್ನು ತಡೆದು ಸತ್ತವನಿಗೂ, ಊರು ಉಳಿಸಲು ಸತ್ತವನಿಗೂ ಇದೇ ಗೌರವ. ಸೂರ್ಯ ಚಂದ್ರರಿರುವವರೆಗೆ ನೆನಪು ಇರಲಿ ಎಂಬುದು ಕಲ್ಲಿನ ಬಯಕೆ. ಬರಹವಿಲ್ಲದ ಕಲ್ಲುಗಳಲ್ಲಿ ಹೆಸರು ಮೊದಲೇ ಹೋಗಿದೆ. ಕಲ್ಲು ಸಹ ಗದ್ದೆಯ ಬದುವಿಗೋ, ಮೋರಿಯ ಚಪ್ಪಡಿಗೋ, ಬಟ್ಟೆ ಒಗೆಯಲಿಕ್ಕೋ ಹೋದ ಉದಾಹರಣೆಗಳು ಊರೂರಲ್ಲೂ ಸಿಗುತ್ತವೆ.

ಘಟ್ಟದ ಅಂಚಿನಲ್ಲಿ, ಕಳಸದಿಂದ ಕುದುರೆಮುಖದ ಕಡೆಗೆ, ತುಳುನಾಡಿನ ದೈವಗಳ ನೆರಳು ಬೀಳುತ್ತದೆ. ಅಲ್ಲಿನ ಪಾಡ್ದನಗಳಲ್ಲಿ ಅನ್ಯಾಯದಿಂದ ಸತ್ತವರು ಸುಮ್ಮನೆ ಸಾಯುವುದಿಲ್ಲ. ಜೋಗ ಎಂಬ ಕಾಣುವ ರೂಪ ಬಿಟ್ಟು ಮಾಯ ಎಂಬ ಕಾಣದ ರೂಪಕ್ಕೆ ಸೇರುತ್ತಾರೆ. ಮತ್ತೆ ಪಾತ್ರಿಯ ಮೈಮೇಲೆ ಬಂದು ಒಕ್ಕಲ ಜಗಳ ಬಿಡಿಸುತ್ತಾರೆ, ಒಡೆಯನನ್ನೂ ಪ್ರಶ್ನಿಸುತ್ತಾರೆ. ಅರಸನಿಗಾಗಿ ಸತ್ತವನು ಕಲ್ಲಾದರೆ, ಅರಸನಿಂದ ಸತ್ತವನು ದೈವವಾದ. ಈ ಎರಡನೆಯ ಅಮರತ್ವ ಬಡವರು ತಾವೇ ಕಟ್ಟಿಕೊಂಡ ನ್ಯಾಯಾಲಯ.

ಅಲ್ಪಾಯುಷಿಗಳ ನಾಡು

ಇಷ್ಟೊಂದು ಸಾವಿಲ್ಲದವರು ಈ ಬೆಟ್ಟಗಳಲ್ಲಿ ಯಾಕೆ ಸೇರಿಕೊಂಡರು? ಒಂದು ಉತ್ತರ ಇಲ್ಲಿ ಬದುಕಿದವರ ಆಯುಸ್ಸಿನಲ್ಲಿದೆ. ಮಲೆನಾಡು ಚಳಿಜ್ವರದ ನಾಡು. ಬಯಲುಸೀಮೆಯವರು ಇಲ್ಲಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವಿತ್ತು. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಹತ್ತಿ ಬಂದವರಲ್ಲಿ ಎಲ್ಲರೂ ಇಳಿದು ಹೋಗುತ್ತಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಕೈಹಾಕಿದಾಗ ಆರಿಸಿಕೊಂಡ ಊರುಗಳಲ್ಲಿ ಮೂಡಿಗೆರೆಯೂ ಒಂದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು ಮನೆ ಗೋಡೆಗಳಿಗೆ ಡಿಡಿಟಿ ಬಿದ್ದ ಮೇಲೆ ಜ್ವರದ ಹಿಡಿತ ಸಡಿಲವಾಯಿತು. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯನ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. ಮೂರು ತಲೆಮಾರಿನಲ್ಲಿ ಆಯುಸ್ಸು ಇಮ್ಮಡಿಯಾದದ್ದು ಯಾವ ಪುರಾಣದ ವರಕ್ಕೂ ಕಡಿಮೆಯದಲ್ಲ. ಆದರೆ ಅದನ್ನು ಕೊಟ್ಟವರಿಗೆ ಗುಡಿ ಇಲ್ಲ, ಗದ್ದುಗೆ ಇಲ್ಲ.

ಮೂವತ್ತಕ್ಕೆ ಸಾಯುವವರ ಊರಿನಲ್ಲಿ ಸಂಜೀವಿನಿಯ ಬೆಟ್ಟವನ್ನು ಕಲ್ಪಿಸಿಕೊಳ್ಳುವುದು ಹುಚ್ಚಲ್ಲ, ಹಸಿದವನು ಊಟದ ಕನಸು ಕಂಡ ಹಾಗೆ. ಕನಸು ಪೂರ್ತಿ ಸುಳ್ಳೂ ಅಲ್ಲ. ಪಶ್ಚಿಮಘಟ್ಟದ ಕಾಡಿನಲ್ಲಿ ಬೆಳೆಯುವ ಸರ್ಪಗಂಧದಿಂದ ತೆಗೆದ ಔಷಧಿ 1950ರ ದಶಕದಲ್ಲಿ ರಕ್ತದೊತ್ತಡದ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಅದೇ ಕಾರಣಕ್ಕೆ ಗಿಡವನ್ನು ಬೇರುಸಹಿತ ಕಿತ್ತು ಮಾರಿ, ಈಗ ಅದನ್ನೇ ಕಾಪಾಡಬೇಕಾಗಿದೆ. ಬೇರು ಯಾವುದೆಂದು ತಿಳಿಯದೆ ಬೆಟ್ಟವನ್ನೇ ಹೊತ್ತೊಯ್ದ ಹನುಮಂತ ಕೆಲಸ ಮುಗಿದ ಮೇಲೆ ಅದನ್ನು ಮರಳಿ ಇಟ್ಟನಂತೆ. ಆ ಭಾಗವನ್ನು ಅನುಸರಿಸಿದವರು ಕಡಿಮೆ.

ಇಲ್ಲಿನ ಬೆಳೆಗಾರರಿಗೆ ಗೊತ್ತಿರುವ ಇನ್ನೊಂದು ಬಗೆಯ ಅಮರತ್ವವಿದೆ. ಅರೇಬಿಕಾ ಗಿಡ ಚೆನ್ನಾಗಿ ನೋಡಿಕೊಂಡರೆ ಐವತ್ತು ವರ್ಷಕ್ಕೂ ಮಿಕ್ಕಿ ಫಲ ಕೊಡುತ್ತದೆ. ಮುದಿಯಾದಾಗ ಬುಡದ ಹತ್ತಿರ ಕಡಿದರೆ ಹೊಸ ಚಿಗುರು ಬರುತ್ತದೆ. ಆದರೆ ಬಿಳಿ ಕಾಂಡಕೊರಕ ಹೊಕ್ಕರೆ ಬುಡಸಮೇತ ಕಿತ್ತು ಸುಡುವುದೇ ದಾರಿ, ಇಲ್ಲದಿದ್ದರೆ ತೋಟಕ್ಕೆ ತೋಟವೇ ಹೋದೀತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ಕೊಟ್ಟ ಎಸ್.795 ತಳಿ ಇಂದಿಗೂ ತೋಟಗಳಲ್ಲಿದೆ. ಗಿಡ ಸಾಯುತ್ತದೆ, ತಳಿ ಉಳಿಯುತ್ತದೆ. ಮೂಡಿಗೆರೆಯಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿ 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ದಲ್ಲಿ ಊರಿನ ಜನ ಬೆನ್ನಟ್ಟುವುದು ಕೋಟ್ಯಂತರ ವರ್ಷಗಳನ್ನು ದಾಟಿ ಬಂದ ಹಾರುವ ಓತಿಯನ್ನು. ಅದು ಕೊನೆಗೂ ಕೈಗೆ ಸಿಗುವುದಿಲ್ಲ. ಒಂದೊಂದು ಓತಿಯ ಆಯುಸ್ಸು ಕೆಲವೇ ವರ್ಷ. ಕಾಡು ಇರುವವರೆಗೆ ಮಾತ್ರ ಅದರ ಕುಲ ಚಿರಂಜೀವಿ.

ಪುರಾಣ, ಶಾಸನ, ಪಾಡ್ದನ, ತೋಟ ಎಲ್ಲವೂ ಬೇರೆ ಬೇರೆ ದಾರಿಯಿಂದ ಒಂದೇ ಸಂಗತಿಗೆ ಬರುತ್ತವೆ. ಸಾವಿಲ್ಲದವರನ್ನು ಬದುಕಿಸಿಕೊಂಡು ಬಂದವರು ಸಾಯುವವರೇ. ಬಲಿಗೆ ದೀಪ ಹಿಡಿಯುವವರು, ಗವಿಗೆ ಹತ್ತಿ ಹೋಗುವವರು, ಯಕ್ಷಗಾನದಲ್ಲಿ ಅಶ್ವತ್ಥಾಮನ ವೇಷ ಕಟ್ಟುವವರು ಇಲ್ಲವಾದರೆ ಚಿರಂಜೀವಿಗಳಿಗೆ ಬೇರೆ ಆಯುಸ್ಸು ಎಲ್ಲಿದೆ? ಊರ ಹೊರಗಿನ ಬದುವಿನಲ್ಲಿ ಮಗುಚಿ ಬಿದ್ದಿರುವ ವೀರಗಲ್ಲನ್ನು ಎತ್ತಿ ನಿಲ್ಲಿಸಿ, ಮಣ್ಣು ತೊಳೆದು, ಅಕ್ಷರವಿದ್ದರೆ ಓದಿಸಿ, ಆ ಹೆಸರನ್ನು ಶಾಲೆಯ ಮಕ್ಕಳಿಗೆ ಹೇಳಲು ಅಮೃತವೇನೂ ಬೇಕಾಗಿಲ್ಲ. ನಾಲ್ಕು ಜನ ಒಂದು ಭಾನುವಾರದ ಬೆಳಗ್ಗೆ ಹಾರೆ ಹಿಡಿದು ಹೊರಟರೆ ಸಾಕು.